ಸ್ವಲ್ಪನಗಿ ಮಾವ ಮತ್ತು ಮಗಳ ಹುಬ್ಬಿನ ಕಲೆ

ನಮ್ಮ ಬೀದಿಯಲ್ಲಿ ಯಾರ ಮುಖ ನಿಜವಾಗಿ ಹೇಗಿದೆ ಎಂದು ಗೊತ್ತಿರುವುದು ಇಬ್ಬರಿಗೆ ಮಾತ್ರ. ಒಬ್ಬ ಕ್ಷೌರದವನು, ಅವನು ಊರಿಗೆಲ್ಲ ಹೇಳಿಬಿಡುತ್ತಾನೆ. ಇನ್ನೊಬ್ಬರು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮಾವ. ಅವರು ಗುಟ್ಟು ಬಿಟ್ಟುಕೊಡುವವರಲ್ಲ, ಫೋಟೋದಲ್ಲಿ ಕೂಡ.

ಮಾವ ಎಂದರೆ ಯಾರೊಬ್ಬರ ಮಾವನೂ ಅಲ್ಲ, ಬೀದಿಗೆಲ್ಲ ಮಾವ. ಸ್ಟೂಲಿನ ಮೇಲೆ ಕೂತವರ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಮಾಗಿದ ಹಣ್ಣು ನೋಡುವವರ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, “ಸ್ವಲ್ಪ ನಗಿ” ಎನ್ನುತ್ತಾರೆ. ನಕ್ಕರೆ, “ಅಷ್ಟು ಬೇಡ, ಸ್ವಲ್ಪ” ಎನ್ನುತ್ತಾರೆ. ಹೀಗೆ ಸ್ವಲ್ಪ ಸ್ವಲ್ಪವಾಗಿಯೇ ಅವರ ಹೆಸರು ‘ಸ್ವಲ್ಪನಗಿ ಮಾವ’ ಎಂದಾಯಿತು. ನೆಗೆಟಿವ್ ತೊಳೆಯುತ್ತಿದ್ದ ಕಾಲದಲ್ಲೂ ಅವರು ಪಾಸಿಟಿವ್ ಮನುಷ್ಯ.

ಮಹಡಿಯ ಮೆಟ್ಟಿಲು ಎಷ್ಟು ಕಿರಿದು ಎಂದರೆ ಹತ್ತುವವರಿಗಾಗಿ ಇಳಿಯುವವರು ಕಾಯಬೇಕು. ಮೇಲೆ ಹೋದರೆ ಮೊದಲು ಸಿಗುವುದು ಒಂದು ಕನ್ನಡಿ, ಅದಕ್ಕೆ ದಾರದಿಂದ ಕಟ್ಟಿದ ಬಾಚಣಿಗೆ, ಒಂದು ಪೌಡರ್ ಡಬ್ಬಿ, ಮೊಳೆಗೆ ನೇತುಹಾಕಿದ ಕಡುನೀಲಿ ಕೋಟು. ಆ ಕೋಟನ್ನು ಯಾವ ಮಹಾಕಾಯನ ಅಳತೆಗೆ ಹೊಲಿದರೋ ತಿಳಿಯದು. ತೊಟ್ಟವರೆಲ್ಲ ಅದರೊಳಗೆ ಬಾಡಿಗೆಗೆ ಇದ್ದಂತೆ ಕಾಣುತ್ತಾರೆ. ಅದಕ್ಕೇ ಮಾವ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿ ಬಿಗಿ ಮಾಡುತ್ತಾರೆ. ಮುಂದಿನಿಂದ ನೋಡಿದರೆ ಜಿಲ್ಲಾಧಿಕಾರಿ, ಹಿಂದಿನಿಂದ ನೋಡಿದರೆ ಬಟ್ಟೆ ಒಣಗುವ ಹಗ್ಗ.

ಇನ್ನು ಮಾವನ ಟಚಪ್. ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು, ಸೋದರತ್ತೆಯಿಂದ ಬಳುವಳಿ ಬಂದ ಹಣೆಯ ಗೆರೆ, ಯಾವುದೂ ಅವರ ಕೈಯಿಂದ ಪಾರಾಗಿ ಹೊರಗೆ ಹೋದದ್ದಿಲ್ಲ. ಮೊದಲು ಸಣ್ಣ ಕುಂಚದಿಂದ ಮಾಡುತ್ತಿದ್ದರು, ಈಗ ಕಂಪ್ಯೂಟರಿನ ಮೌಸ್‌ನಿಂದ. ಕಲೆ ತೆಗೆಯುವುದೇ ಅವರ ಕಲೆ. “ಅದು ಸುಳ್ಳಲ್ಲ ಕಣಪ್ಪಾ, ಮುಖ ತೊಳೆದ ಹಾಗೆ ಅಷ್ಟೇ” ಎನ್ನುವುದು ಅವರ ಸಿದ್ಧಾಂತ. ಅತ್ತೆಯ ಸಿದ್ಧಾಂತ ಬೇರೆ. ಅತ್ತೆ ಎಂದರೆ ಮಾವನ ಹೆಂಡತಿ, ಹೊರಗಿನ ಮೇಜಿನ ಹತ್ತಿರ ಕೂತು ಫೋಟೋ ಕತ್ತರಿಸಿ ಕವರಿಗೆ ಹಾಕಿಕೊಡುವವರು. ಮಾವನೇ ಟಚಪ್ ಮಾಡಿ ಗೋಡೆಗೆ ತೂಗುಹಾಕಿದ್ದ ತಮ್ಮ ಮದುವೆಯ ಫೋಟೋ ತೋರಿಸಿ, “ಬಂದವರೆಲ್ಲ ಇವರ ಮೊದಲನೇ ಹೆಂಡ್ತಿ ಎಲ್ಲಿ ಹೋದ್ಲು ಅಂತ ನನ್ನನ್ನೇ ಕೇಳ್ತಾರೆ” ಎನ್ನುತ್ತಿದ್ದರು.

ಇಂಥ ಸ್ಟುಡಿಯೋ ಸ್ಕಾಲರ್‌ಶಿಪ್ ಕಚೇರಿಯಾದದ್ದು ಫೋಟೋ ಅಳತೆಯ ದೆಸೆಯಿಂದ. ಒಂದು ಅರ್ಜಿಗೆ ಪಾಸ್‌ಪೋರ್ಟ್ ಸೈಜು, ಇನ್ನೊಂದಕ್ಕೆ ಸ್ಟಾಂಪ್ ಸೈಜು. ಒಬ್ಬರಿಗೆ ಬಿಳಿ ಬ್ಯಾಕ್‌ಗ್ರೌಂಡು, ಇನ್ನೊಬ್ಬರಿಗೆ ಎರಡು ಕಿವಿಯೂ ಕಾಣಬೇಕು. ಮಕ್ಕಳಿಗೆ ಇದೊಂದೂ ನೆನಪಿರುವುದಿಲ್ಲ. “ಯಾವುದಕ್ಕೆ?” ಎಂದು ಮಾವ ಕೇಳಿದರೆ “ಕಾಲೇಜಿಗೆ” ಎಂದು ಆಕಾಶ ನೋಡುತ್ತಾರೆ. ಆದ್ದರಿಂದ ಮಾವನೇ ಪ್ರಕಟಣೆಗಳನ್ನು ತರಿಸಿ ಓದತೊಡಗಿದರು. ಅಳತೆ ಹುಡುಕಲು ಹೋದವರಿಗೆ ಅರ್ಹತೆಯೂ ಸಿಕ್ಕಿತು. ಯಾವ ಕಾಲೇಜು ಯಾರಿಗೆ ಏನು ಕೊಡುತ್ತದೆ ಎಂಬುದೆಲ್ಲ ತಲೆಯಲ್ಲಿ ಕೂತುಬಿಟ್ಟಿತು. ಒಂದು ಅರ್ಜಿಗೆಂದು ಫೋಟೋ ತೆಗೆಸಲು ಬಂದ ಹುಡುಗಿ ಇನ್ನೆರಡು ಅರ್ಜಿಗಳ ಸುದ್ದಿ ತಿಳಿದು ಮೆಟ್ಟಿಲಿಳಿಯುತ್ತಿದ್ದಳು.

ಅವರ ಉಪದೇಶ ನಡೆಯುತ್ತಿದ್ದುದು ಗಲ್ಲ ಹಿಡಿದುಕೊಂಡೇ. ಎದ್ದು ಹೋಗುವ ಹಾಗಿಲ್ಲ, ಎದುರು ಮಾತಾಡುವ ಹಾಗೂ ಇಲ್ಲ.

“ಹೆಸರುವಾಸಿ ಸ್ಕಾಲರ್‌ಶಿಪ್‌ಗೆ ಊರೆಲ್ಲಾ ಮುಗಿಬೀಳುತ್ತೆ. ನೀನು ಸೇರೋ ಕಾಲೇಜಿನವರೇ ಏನು ಕೊಡ್ತಾರೆ ಅಂತ ಮೊದಲು ನೋಡು. ತಲೆ ಬಗ್ಗಿಸಬೇಡ. ಫೀಸಿಗೆ ನೆರವು ಅಂತ ಬರೆದಿದ್ರೆ ಕುಣಿಬೇಡ. ನೆರವು ಅಂದ್ರೆ ಛತ್ರಿ, ಪೂರ್ತಿ ಫೀಸು ಅಂದ್ರೆ ಮನೆ. ಕೆಲವರು ಮೊದಲನೇ ವರ್ಷ ಕೊಟ್ಟು ಎರಡನೇ ವರ್ಷ ಕೈ ಎತ್ತಿಬಿಡ್ತಾರೆ. ಎಷ್ಟು ಅಂಕ ಉಳಿಸ್ಕೊಂಡ್ರೆ ಮುಂದೂ ಸಿಗುತ್ತೆ, ಕೇಳ್ಕೋ. ಅಂಕ ಬಂತು, ಇನ್ನು ಮುಗೀತು ಅಂದ್ಕೋಬೇಡ. ಅದು ನಾಟಕದ ಮೊದಲನೇ ಅಂಕ ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಸಣ್ಣಕ್ಷರ ಓದು. ದೊಡ್ಡಕ್ಷರ ಆಸೆ ಹುಟ್ಟಿಸುತ್ತೆ, ಸಣ್ಣಕ್ಷರ ಕಾಲೆಳೆಯುತ್ತೆ. ಈಗ ಸ್ವಲ್ಪ ನಗು.”

ಯಾರಿಗಾದರೂ ಪೂರ್ತಿ ಫೀಸು ಸಿಕ್ಕಿದರೆ ಅವರ ಒಂದು ಫೋಟೋವನ್ನು ಮಾವ ಕನ್ನಡಿಯ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು. ಹಾಗೆ ಗೋಡೆ ತುಂಬುತ್ತ ಬಂತು. ಸಾಲು ಸಾಲಾಗಿ ಬೇರೆ ಬೇರೆ ತಲೆ, ಒಂದೇ ಕೋಟು. ನಡುವೆ, ಕನ್ನಡಿಗೆ ತೀರ ಹತ್ತಿರ, ಒಂದು ಫೋಟೋದಷ್ಟು ಜಾಗವನ್ನು ಮಾತ್ರ ಬೇಕೆಂದೇ ಖಾಲಿ ಬಿಟ್ಟಿದ್ದರು. ಅಲ್ಲಿ ಯಾರು ಎಂದು ಕೇಳಿದರೆ ಲೆನ್ಸು ಒರೆಸತೊಡಗುತ್ತಿದ್ದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಮಾವ-ಅತ್ತೆಯರಿಗೆ ಒಬ್ಬಳೇ ಮಗಳು. ಬೀದಿಯೆಲ್ಲ ಅವಳನ್ನು ಕರೆಯುವುದು ‘ಜಲ್ಲಿ’ ಎಂದು. ಚಿಕ್ಕಂದಿನಿಂದಲೂ ಅವಳ ಜೇಬು ಜಾಲಾಡಿದರೆ ಸಿಗುತ್ತಿದ್ದುದು ಅದೇ. ಬಟ್ಟೆ ಒಗೆಯುವ ಯಂತ್ರದೊಳಗೆ ಗುಡುಗಿದ ಹಾಗಾದರೆ ಅತ್ತೆ, “ಅಯ್ಯೋ, ಮಗಳ ಚೂಡಿದಾರ್ ಹಾಕ್ಬಿಟ್ಟೆ” ಎಂದು ಓಡುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ, ಮಂಚದ ಕೆಳಗೆ, ಮಾವನ ಹಳೆಯ ಫಿಲ್ಮ್ ಡಬ್ಬಿಗಳಲ್ಲಿ, ಎಲ್ಲ ಕಡೆ ಕಲ್ಲು. “ಬೇರೆಯವರ ಮಕ್ಕಳು ಹೆತ್ತವರ ತಲೆ ಮೇಲೆ ಕಲ್ಲು ಹಾಕ್ತಾರೆ, ನಮ್ಮವಳು ಮನೆ ತುಂಬಾ ಹಾಕಿದಾಳೆ” ಎಂದು ಅತ್ತೆ ಬೈಯುತ್ತಿದ್ದರು. ಆದರೆ ಗುಡಿಸುವಾಗ ಒಂದು ಕಲ್ಲನ್ನೂ ಬಿಸಾಡಿದವರಲ್ಲ.

ಜಲ್ಲಿಯ ಎಡಹುಬ್ಬಿನ ನಡುವೆ ಒಂದು ಗಾಯದ ಕಲೆ. ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ಬಿದ್ದು ಆದದ್ದು. ಹುಬ್ಬನ್ನು ಎರಡು ಭಾಗ ಮಾಡಿ, ನಡುವೆ ಕಾಲುದಾರಿ ಬಿಟ್ಟ ಹಾಗಿತ್ತು. ಅವಳಿಗೆ ಅದರ ಬಗ್ಗೆ ನಾಚಿಕೆಯಾಗಲಿ ಹೆಮ್ಮೆಯಾಗಲಿ ಇರಲಿಲ್ಲ. ಅಪ್ಪನ ಕಣ್ಣಿಗೆ ಮಾತ್ರ ಅದು ಸದಾ ಚುಚ್ಚುತ್ತಿತ್ತು.

ಜಲ್ಲಿ ಓದಬೇಕೆಂದಿದ್ದುದು ಭೂವಿಜ್ಞಾನ. ಅದನ್ನು ಚೆನ್ನಾಗಿ ಕಲಿಸುವ ಕಾಲೇಜು ಇದ್ದದ್ದು ದೂರದ ದೊಡ್ಡ ಊರಿನಲ್ಲಿ. ಅದರ ಫೀಸು ಕೇಳಿದ ಅತ್ತೆ, “ಅಷ್ಟಕ್ಕೆ ಕಾಲೇಜನ್ನೇ ಕೊಟ್ಟುಬಿಡ್ತಾರಾ?” ಎಂದು ಕೇಳಿದ್ದರು. ಆದರೆ ಬುದ್ಧಿವಂತ ಮಕ್ಕಳಲ್ಲಿ ಕೆಲವರಿಗೆ, ಅಂಕ ಮತ್ತು ಸಂದರ್ಶನ ನೋಡಿ, ಕೋರ್ಸು ಮುಗಿಯುವವರೆಗೂ ಪೂರ್ತಿ ಫೀಸು ಮಾಫಿ ಮಾಡುವ ಸ್ಕಾಲರ್‌ಶಿಪ್ ಒಂದನ್ನು ಆ ಕಾಲೇಜೇ ಕೊಡುತ್ತಿತ್ತು. ಮಾವ ಅದನ್ನು ಹುಡುಕಿ ತೆಗೆದಿದ್ದರು. ಸಿಕ್ಕಿದರೆ ಕಲ್ಲು, ಸಿಗದಿದ್ದರೆ ಹತ್ತಿರದ ಕಾಲೇಜಿನಲ್ಲಿ ಲೆಕ್ಕಪತ್ರ. “ಲೆಕ್ಕ ಬರೆಯೋಕೂ ನಂಗೇನು ಬೇಜಾರಿಲ್ಲಮ್ಮಾ” ಎಂದಳು ಜಲ್ಲಿ. ಹಾಗೆಂದು ಹೋಗಿ, ತನ್ನ ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ಹಾಕಿಕೊಂಡು ಒಂದೊಂದಾಗಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಒಣಬಟ್ಟೆ ತಂದುಕೊಟ್ಟರು.

ಅಂಕಗಳು ಬಂದವು, ಚೆನ್ನಾಗಿಯೇ ಬಂದವು. ಅರ್ಜಿ ತುಂಬಿದ್ದು ಜಲ್ಲಿ. ಗುರುತಿನ ಚಿಹ್ನೆ ಎಂದಿದ್ದ ಕಡೆ, ‘ಎಡಹುಬ್ಬಿನ ಮೇಲೆ ಗಾಯದ ಕಲೆ’ ಎಂದು ಅವಳೇ ಬರೆದಳು. ಫೋಟೋ ತೆಗೆದದ್ದು ಅಪ್ಪ. ಅವತ್ತು ಸ್ಟುಡಿಯೋದ ಬಾಗಿಲು ಮುಚ್ಚಿ, ಇದ್ದಬದ್ದ ದೀಪಗಳನ್ನೆಲ್ಲ ಹೊತ್ತಿಸಿ, ಕೋಟಿಗೆ ಇಸ್ತ್ರಿ ಮಾಡಿಸಿ, ಹೊಸ ಕ್ಲಿಪ್ಪು ಹಾಕಿ ತೆಗೆದರು. ಆಮೇಲೆ ಮೌಸ್ ಹಿಡಿದು ಕೂತರು. ಮೊದಲು ಹೋದದ್ದು ಆ ಕಲೆ. ಹುಬ್ಬು ಬಿಲ್ಲಿನ ಹಾಗಾಯಿತು. ಕೆನ್ನೆಯ ಬಿಸಿಲುಗಪ್ಪು ಹೋಯಿತು. ಮೂಗಿಗೂ ಸ್ವಲ್ಪ ನ್ಯಾಯ ಒದಗಿಸಿದರು. ಕೊನೆಗೆ ಮೂಡಿಬಂದದ್ದು ಜಲ್ಲಿಯಲ್ಲ, ಪಾಲಿಶ್ ಮಾಡಿದ ಅಮೃತಶಿಲೆ.

“ಚೆನ್ನಾಗಿದೆಯಲ್ಲಾ?” ಎಂದರು ಮಾವ.

“ಚೆನ್ನಾಗಿದಾಳೆ. ಯಾರ ಮಗಳು?” ಎಂದರು ಅತ್ತೆ.

ಪ್ರಕಟಣೆಯ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ‘ತಿದ್ದಿದ ಭಾವಚಿತ್ರಗಳನ್ನು ಪರಿಗಣಿಸಲಾಗುವುದಿಲ್ಲ’ ಎಂದಿತ್ತು. ಮಾವ ಅದನ್ನು ಓದಿರಲಿಲ್ಲವೆಂದಲ್ಲ. ಓದಿದ್ದರು. ತಿದ್ದುವುದೆಂದರೆ ಒಬ್ಬರ ತಲೆಯನ್ನು ಇನ್ನೊಬ್ಬರ ಕತ್ತಿನ ಮೇಲೆ ಇಡುವುದು ಎಂದು ಅರ್ಥ ಮಾಡಿಕೊಂಡಿದ್ದರು. ಮುಖ ತೊಳೆಯುವುದನ್ನು ಯಾರಾದರೂ ತಿದ್ದುಪಡಿ ಎನ್ನುತ್ತಾರೆಯೇ?

ಸಂದರ್ಶನಕ್ಕೆ ಕರೆ ಬಂತು. ಅಪ್ಪ, ಮಗಳು ಬಸ್ಸು ಹತ್ತಿದರು. ಮುಂದಿನದನ್ನು ನಾನು ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಒಪ್ಪುವ ಭಾಗವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಕಾಲೇಜಿನ ಹಜಾರದಲ್ಲಿ ಒಂದು ಮೇಜು. ಕನ್ನಡಕವನ್ನು ಸರದಲ್ಲಿ ನೇತುಹಾಕಿಕೊಂಡಿದ್ದ ಒಬ್ಬ ಮೇಡಂ ಬಂದವರ ಮುಖವನ್ನೂ ಅರ್ಜಿಯನ್ನೂ ತಾಳೆ ನೋಡಿ ಒಳಗೆ ಬಿಡುತ್ತಿದ್ದರು. ಜಲ್ಲಿಯ ಸರದಿ ಬಂತು. ಅವರು ಫೋಟೋ ನೋಡಿದರು, ಮುಖ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

“ಇದು ನೀನಾ?”

“ಹೌದು ಮೇಡಂ.”

“ನಿನ್ನ ಅಕ್ಕನಾ?”

“ನಾನೊಬ್ಳೇ ಮಗಳು ಮೇಡಂ.”

“ಇಲ್ಲಿ ಹುಬ್ಬಿನ ಮೇಲೆ ಕಲೆ ಅಂತ ಬರೆದಿದೀಯ. ಮುಖದಲ್ಲೂ ಇದೆ. ಫೋಟೋದಲ್ಲಿ ಎಲ್ಲಿ ಹೋಯ್ತು? ಇದ್ಯಾರು ಹಾಗಾದ್ರೆ?”

ಜಲ್ಲಿ ಹೇಳಿದಳು: “ಅದೂ ನಾನೇ ಮೇಡಂ. ನಮ್ಮಪ್ಪನ ಕಣ್ಣಿಗೆ ಕಾಣೋ ನಾನು. ಅವರು ಫೋಟೋಗ್ರಾಫರು.”

ಮೇಡಂ ಮುಖ ಸಡಿಲವಾಯಿತು, ನಿಯಮ ಸಡಿಲವಾಗಲಿಲ್ಲ. “ನೋಡು ಮರಿ, ನಾನು ನಂಬಿದ್ರೆ ಸಾಲದು. ಕಾಗದ ನಂಬಬೇಕು. ನಿನ್ನ ಹೆಸರು ಕೊನೆಗೆ ಹಾಕಿರ್ತೀನಿ. ಸಂದರ್ಶನ ಮುಗಿಯೋದರೊಳಗೆ ನೀನು ಇರೋ ಹಾಗೇ ಇರೋ ಒಂದು ಫೋಟೋ ತಗೊಂಡು ಬಾ. ಬರಲಿಲ್ಲಾ ಅಂದ್ರೆ ನಾನೇನೂ ಮಾಡೋಕಾಗಲ್ಲ.”

ಗೇಟಿನ ಹತ್ತಿರ ಮರದ ಕೆಳಗೆ ಕೂತು ಬನ್ನು ತಿನ್ನುತ್ತಿದ್ದ ಮಾವ, ಮಗಳು ಓಡಿ ಬರುವುದನ್ನು ನೋಡಿ ಎದ್ದು ನಿಂತರು. “ಇಷ್ಟು ಬೇಗ ಆಗೋಯ್ತಾ? ಸಿಕ್ತಾ?”

“ಸಿಕ್ಕಿಲ್ಲ ಅಪ್ಪಾ, ಸಿಕ್ಕಿಬಿದ್ವಿ!”

ವಿಷಯ ತಿಳಿದ ಮಾವ ಬನ್ನನ್ನು ಕೈಯಲ್ಲೇ ಹಿಡಿದುಕೊಂಡು ಕಲ್ಲಾದರು. ಜಲ್ಲಿಯ ಮಾತಿನಲ್ಲೇ ಹೇಳುವುದಾದರೆ, ಅಷ್ಟು ಗಟ್ಟಿ ಕಲ್ಲನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಜೀವಮಾನವೆಲ್ಲ ಊರವರಿಗೆ ಫೋಟೋ ತೆಗೆದುಕೊಟ್ಟ ಮನುಷ್ಯನ ಹತ್ತಿರ ಅವತ್ತು ಕ್ಯಾಮೆರಾ ಇರಲಿಲ್ಲ. ಇದ್ದದ್ದು ಅರ್ಧ ಬನ್ನು.

“ಸಣ್ಣಕ್ಷರ,” ಎಂದರು ಕೊನೆಗೆ, “ಸಣ್ಣಕ್ಷರ ಓದಿ ಅಂತ ಊರಿಗೆಲ್ಲ ಹೇಳಿದವನು ನಾನು.”

“ಅಪ್ಪಾ, ಆಮೇಲೆ ಅಳಿ. ಎದುರುಗಡೆ ಒಂದು ಸ್ಟುಡಿಯೋ ಇದೆ, ನಡೀರಿ.”

ರಸ್ತೆ ದಾಟಿದರು. ಆ ಸ್ಟುಡಿಯೋದಲ್ಲೂ ಕನ್ನಡಿ, ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ಒಂದು ಕೋಟು ಕೂಡ ಇತ್ತು, ಬೂದು ಬಣ್ಣದ್ದು. ಮಾವ ಅಭ್ಯಾಸಬಲದಿಂದ ಅದರ ಬೆನ್ನು ತಿರುಗಿಸಿ ನೋಡಿದರು. ಕ್ಲಿಪ್ಪು ಇತ್ತು. ವಿಶ್ವದಲ್ಲಿ ತಾವು ಒಂಟಿಯಲ್ಲ ಎಂದು ಅವರಿಗೆ ಸ್ವಲ್ಪ ಧೈರ್ಯ ಬಂದಿರಬೇಕು.

ಸ್ಟುಡಿಯೋದವನು ಚುರುಕಿನ ಯುವಕ. ಜಲ್ಲಿಗೆ ಕೋಟು ತೊಡಿಸಿ, ಸ್ಟೂಲಿನ ಮೇಲೆ ಕೂರಿಸಿ, “ಸ್ವಲ್ಪ ಸ್ಮೈಲ್ ಮಾಡಿ” ಎಂದ. ಬಾಗಿಲ ಹತ್ತಿರ ನಿಂತಿದ್ದ ಮಾವ ತಾವೇ ನಕ್ಕುಬಿಟ್ಟರು. ಕ್ಲಿಕ್ಕಾಯಿತು. ಮುಖ ಪರದೆಯ ಮೇಲೆ ಬಂತು. ಯುವಕನ ಮೌಸ್, ಯಾರೂ ಹೇಳದಿದ್ದರೂ, ಸಕ್ಕರೆ ಕಂಡ ಇರುವೆಯ ಹಾಗೆ ನೆಟ್ಟಗೆ ಎಡಹುಬ್ಬಿಗೆ ಹೋಯಿತು.

“ಮುಟ್ಟಬೇಡ!” ಎಂದರು ಮಾವ. ಮೇಜಿನ ಕೆಳಗೆ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

“ಸರ್, ಚಿಕ್ಕ ಕಲೆ. ತೆಗೆದುಬಿಡ್ತೀನಿ, ಅದಕ್ಕೇನೂ ಚಾರ್ಜ್ ಇಲ್ಲ.”

“ಅದೇ ಬೇಕಾಗಿರೋದು ನಮಗೆ. ಅದಕ್ಕೋಸ್ಕರಾನೇ ಬಂದಿರೋದು.”

“ಹೆಣ್ಮಗು ಮುಖ ಸರ್, ನೀಟಾಗಿ ಕಾಣ್ಲಿ ಅಂತ...”

“ಮಗು ನಂದು, ಕಲೆ ಅವಳ್ದು, ನಿಂಗ್ಯಾಕಪ್ಪಾ ನೀಟು?” ಎನ್ನುತ್ತ ಮಾವ ಒಂದು ಕುರ್ಚಿ ಎಳೆದುಕೊಂಡು ಅವನ ಮೊಣಕೈ ಪಕ್ಕದಲ್ಲೇ ಕಾವಲು ಕೂತರು. ಯುವಕ ಕೆನ್ನೆಯ ಕಡೆ ಸರಿದರೆ “ಊಹುಂ”, ಮೂಗಿನ ಕಡೆ ಸರಿದರೆ “ಊಹುಂ”. ಆಮೇಲೆ ಪರದೆಯನ್ನೇ ದಿಟ್ಟಿಸಿ ನೋಡಿ, “ಇಲ್ಲ, ಇನ್ನೊಂದು ಸಲ ತೆಗಿ. ಆ ಎಡಗಡೆ ಲೈಟು ತಗ್ಗಿಸು, ಕಲೆ ತೊಳೆದುಹೋಗ್ತಿದೆ. ಪಕ್ಕದಿಂದ ಕೊಡು. ಹಾಂ, ಈಗ ಕಾಣುತ್ತೆ ನೋಡು ನನ್ನ ಮಗಳು” ಎಂದರು.

ಯುವಕ ಅವರನ್ನು ಮೇಲಿಂದ ಕೆಳಗೆ ನೋಡಿದ. “ಸರ್, ನೀವೂ ಇದೇ ಲೈನಾ?”

“ಇವತ್ತು ಬೆಳಗ್ಗೆವರೆಗೂ ಇದ್ದೆ” ಎಂದರು ಮಾವ.

ಪ್ರಿಂಟಿನ ಬಿಸಿ ಆರುವ ಮೊದಲೇ ಜಲ್ಲಿ ಹಜಾರ ಮುಟ್ಟಿದ್ದಳು. ಮೇಡಂ ಫೋಟೋ ನೋಡಿ, ಮುಖ ನೋಡಿ, “ಈಗ ನೀನು” ಎಂದು ಮುದ್ರೆ ಒತ್ತಿದರು. ಒಳಗೆ ಕೊನೆಯ ಹುಡುಗ ಎದ್ದು ಬರುತ್ತಿದ್ದ.

ಸಂದರ್ಶನಕ್ಕೆ ಕೂತಿದ್ದವರು ಮೂವರು. ನಡುವಿನ ಹಿರಿಯರು ಆಗಲೇ ಹೊರಗಿನ ರಂಪ ಕೇಳಿಸಿಕೊಂಡಿದ್ದರು. “ನಿನ್ನ ಹುಬ್ಬಿನಿಂದಾಗಿ ನಮ್ಮ ಊಟ ತಡವಾಯ್ತಮ್ಮಾ. ಅದನ್ನೇ ಮೊದಲು ಕೇಳೋಣ. ಹೇಗಾಯ್ತು ಅದು?”

ಬೇರೆ ಯಾವ ಪ್ರಶ್ನೆ ಕೇಳಿದ್ದರೂ ಜಲ್ಲಿ ಕಲಿತ ಉತ್ತರ ಹೇಳುತ್ತಿದ್ದಳು. ಈ ಪ್ರಶ್ನೆಗೆ ಕಲಿತ ಉತ್ತರ ಇರಲಿಲ್ಲ. ನಡೆದದ್ದನ್ನೇ ಹೇಳಿದಳು.

“ಕ್ವಾರಿ ಹತ್ತಿದ್ದೆ ಸರ್. ಕಾಲಿಟ್ಟದ್ದು ಮರಳುಗಲ್ಲು, ಗಟ್ಟಿಯಾಗೇ ಇತ್ತು. ಅದರ ಕೆಳಗೆ ಜೇಡಿಪದರದ ಕಲ್ಲಿದೆ ಅಂತ ನೋಡಲಿಲ್ಲ. ಅದು ನೀರು ಕುಡಿದು ಮೆತ್ತಗಾಗಿತ್ತು. ಕೆಳಗಿಂದು ಜಾರಿತು, ಮೇಲಿಂದು ಮುರೀತು, ನಾನು ಎರಡರ ಜೊತೆಗೂ ಬಂದೆ.”

“ಆಮೇಲೆ ಕ್ವಾರಿ ಕಡೆ ತಲೆ ಹಾಕಿಲ್ಲ ತಾನೆ?”

“ಹೋದೆ ಸರ್, ಹೊಲಿಗೆ ಬಿಚ್ಚಿದ ಮೇಲೆ. ನೀರು ಎಲ್ಲಿಂದ ಬರ್ತಿತ್ತು ಅಂತ ನೋಡಬೇಕಿತ್ತು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

“ಹುಬ್ಬು ಸೀಳಿದ ಕಲ್ಲು?”

“ಮನೇಲಿದೆ. ಅದರ ಪದರದಲ್ಲಿ ಒಂದು ಎಲೆ ಅಚ್ಚು ಇತ್ತು ಸರ್. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ್ಲೂ ಕೈಯಲ್ಲೇ ಹಿಡ್ಕೊಂಡಿದ್ದೆ. ನಮ್ಮದು ಸ್ಟುಡಿಯೋ ಮನೆಯಲ್ವಾ, ನಂಗೆ ಅದು ಫೋಟೋ ಥರಾನೇ ಕಾಣುತ್ತೆ. ಎಲೆಯಲ್ಲಿ ಹುಳ ತಿಂದ ತೂತು ಸಮೇತ ಬಿದ್ದಿದೆ. ಯಾರೂ ಟಚಪ್ ಮಾಡಿಲ್ಲ.”

ಹಿರಿಯರು ಪೆನ್ನು ಕೆಳಗಿಟ್ಟು ನಕ್ಕರು, ಸ್ವಲ್ಪವಲ್ಲ. ಆಮೇಲೆ ಅವರು ಊಟ ಮರೆತರು. ಕಲ್ಲಿನ ಮೇಲೆ ಕಲ್ಲು, ಪ್ರಶ್ನೆಯ ಮೇಲೆ ಪ್ರಶ್ನೆ. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸರ್, ನೀವೇ ಹೇಳಿ” ಎಂದು ತಾನೇ ಪ್ರಶ್ನೆ ಕೇಳಿದಳು.

ಊರಿಗೆ ಬಂದ ಮೇಲೆ ಕಾಯುವ ಕೆಲಸ. ಆ ದಿನಗಳಲ್ಲಿ ಮಾವ ಯಾರಿಗೂ ನಗಿ ಎನ್ನಲಿಲ್ಲ. ತೆಗೆದ ಫೋಟೋಗಳಲ್ಲಿ ಎಲ್ಲರೂ ಸಾಲಗಾರರ ಹಾಗೆ ಕಂಡರು. ಅತ್ತೆ ಫೋನನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಓಡಾಡಿದರು. ಖಾಲಿ ಜಾಗದ ಮೇಲೆ ಧೂಳು ಕೂರದಂತೆ ದಿನಾ ಒರೆಸುತ್ತಿದ್ದವರು ಯಾರೆಂದು ಕೇಳಿದರೆ ಗಂಡ ಹೆಂಡತಿ ಇಬ್ಬರೂ ಮತ್ತೊಬ್ಬರ ಕಡೆ ಬೆರಳು ಮಾಡುತ್ತಿದ್ದರು.

ಸುದ್ದಿ ಬಂದಾಗ ಸ್ಟೂಲಿನ ಮೇಲೆ ಕೂತಿದ್ದವರು ಬ್ಯಾಂಕಿನ ಮ್ಯಾನೇಜರು, ನಗುವುದಕ್ಕೂ ಜಾಮೀನು ಕೇಳುವ ಮನುಷ್ಯ. ಹೊರಗಿನ ಮೇಜಿನಿಂದ ಅತ್ತೆ ಕೂಗಿದರು: “ರೀ! ಪೂರ್ತೀ ರೀ! ಛತ್ರಿ ಅಲ್ಲಾ, ಮನೆ!” ಮಾವ ಬಾಗಿದ್ದವರು ಬಾಗಿದಂತೆಯೇ ಗಹಗಹಿಸಿ ನಗತೊಡಗಿದರು, ಬೆರಳು ಬಟನ್ನಿನ ಮೇಲೇ ಇತ್ತು. ಮ್ಯಾನೇಜರಿಗೂ ಏನಾಯಿತೋ, ಅವರೂ ನಕ್ಕುಬಿಟ್ಟರು. ಮೂವತ್ತೆರಡೂ ಹಲ್ಲು ಕಾಣುವ ಆ ಫೋಟೋವನ್ನು ಅವರ ಬ್ಯಾಂಕು ಒಪ್ಪಲಿಲ್ಲವಂತೆ. ಹೆಂಡತಿ ಮಾತ್ರ ಕೇಳಿ ಇಸಕೊಂಡು, ಕಟ್ಟು ಹಾಕಿಸಿ ನಡುಮನೆಯಲ್ಲಿ ಇಟ್ಟಿದ್ದಾರೆ. ಜಲ್ಲಿ ಮಂಚದ ಕೆಳಗಿನಿಂದ ಎಲೆಯಚ್ಚಿನ ಕಲ್ಲು ತೆಗೆದು ಜೇಬಿಗೆ ಹಾಕಿಕೊಂಡು, ಬೀದಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿಕೊಂಡು ಬಂದಳು.

ಖಾಲಿ ಜಾಗ ತುಂಬಿತು. ಕಡುನೀಲಿ ಕೋಟುಗಳ ನಡುವೆ ಒಂದೇ ಒಂದು ಬೂದು ಕೋಟು, ಕೆಳಗೆ ಇನ್ನೊಬ್ಬರ ಸ್ಟುಡಿಯೋದ ಸೀಲು. “ನಿಮ್ಮ ಸ್ಟುಡಿಯೋದಲ್ಲಿ ಬೇರೆಯವರ ಫೋಟೋನಾ ಮಾವ?” ಎಂದು ಕೇಳಿದರೆ, “ಕ್ಯಾಮೆರಾ ಅವಂದು, ಲೈಟಿಂಗ್ ನಂದು” ಎನ್ನುತ್ತಾರೆ.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಮೂಲೆಮನೆಯ ದರ್ಜಿ ತನ್ನ ಮಗನನ್ನು ಕರೆದುಕೊಂಡು ಬಂದು, “ಮಾವ, ಇವನಿಗೂ ಹುಬ್ಬಿನ ಮೇಲೆ ಒಂದು ಕಲೆ ಹಾಕ್ಕೊಡಿ. ಚಿಕ್ಕದು ಸಾಕು. ಸ್ಕಾಲರ್‌ಶಿಪ್‌ಗೆ ಬೇಕು” ಎಂದ.

“ಹಾಕೋಣ. ಮೊದಲು ಇವನನ್ನ ಕ್ವಾರಿ ಹತ್ತಿಸು” ಎಂದರು ಮಾವ. ಹಾಗೆಂದು ಹುಡುಗನ ಗಲ್ಲ ಹಿಡಿದು, “ಯಾವುದಕ್ಕೆ?” ಎಂದು ಶುರುಮಾಡಿದರು. ಹುಡುಗನಿಗೆ ಎರಡು ಪೂರ್ತಿ ಫೀಸಿನ ವಿಳಾಸಗಳು ಸಿಕ್ಕವು. ಅವನ ಮೊಡವೆಗಳೆಲ್ಲ ಹಾಗೇ ಉಳಿದವು.

ಜಲ್ಲಿ ಒಂದು ಪೆಟ್ಟಿಗೆ ಬಟ್ಟೆ, ಎರಡು ಪೆಟ್ಟಿಗೆ ಕಲ್ಲಿನೊಂದಿಗೆ ಕಾಲೇಜಿಗೆ ಹೊರಟ ದಿನ ಬಸ್ಸಿನ ಕಂಡಕ್ಟರು, “ಏನಮ್ಮಾ, ಅಲ್ಲಿ ಕಲ್ಲು ಸಿಗಲ್ವಾ?” ಎಂದು ಕೇಳಿದ. ಅವಳನ್ನು ಹತ್ತಿಸಿ ಬಂದ ಮೇಲೆ ಸ್ಟುಡಿಯೋ ದೊಡ್ಡದಾದಂತೆ ಕಂಡಿತು. ಅತ್ತೆ ಮೇಜು ಬಿಟ್ಟು ಎದ್ದು ಒಳಗೆ ಬಂದು, ತಾವೇ ಸ್ಟೂಲಿನ ಮೇಲೆ ಕೂತರು.

“ರೀ, ನನ್ನದೂ ಒಂದು ತೆಗೀರಿ. ಅವಳ್ದು ತೆಗೆಸಿದ ಹಾಗೆ. ಇದ್ದದ್ದು ಇದ್ದ ಹಾಗೇ.”

ಮಾವ ತೆಗೆದರು. ಗಲ್ಲ ಹಿಡಿಯಲಿಲ್ಲ, ನಗಿ ಎನ್ನಲಿಲ್ಲ, ಮೌಸ್ ಮುಟ್ಟಲಿಲ್ಲ. ಪ್ರಿಂಟು ತೆಗೆದು ಕೈಗೆ ಕೊಟ್ಟರು. ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮದುವೆಯ ಫೋಟೋದ ಕಡೆ ಒಮ್ಮೆ ನೋಡಿದರು. ಮತ್ತೆ ಇದನ್ನು ನೋಡಿದರು.

“ಚೆನ್ನಾಗಿದೆ ರೀ. ಆದ್ರೆ ಈ ಕಣ್ಣಿನ ಕೆಳಗಿಂದು ಸ್ವಲ್ಪ ತೆಗೆದುಬಿಡಿ. ನಾನೇನು ಸ್ಕಾಲರ್‌ಶಿಪ್‌ಗೆ ಹಾಕ್ಬೇಕಾ?”